ಎರಡೂಕಾಲು ತೊಲ ಸೀಸ

ಮೊಂಟಾನಾದಲ್ಲಿರುವ ನಮ್ಮ ಭಾವನ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲ. ಅಲ್ಲಿ ಕೋವಿಯ ಗುಂಡಿಗಾಗಿ ಸೀಸ ಕರಗುತ್ತದೆ. ಮೊದಲು ಅಡುಗೆಮನೆಯಲ್ಲೇ ಶುರುಮಾಡಿದ್ದರಂತೆ. ಸೀಸದ ಹೊಗೆ ವಿಷ ಎಂದು ಅಕ್ಕ ಬಾಣಲೆಸಮೇತ ಹೊರಗಟ್ಟಿದಳು.

ಭಾವನದು .45-70 ತೋಟಾ ಹಾಕುವ ಲಿವರ್ ಕೋವಿ. ಈ ತೋಟಾ ಅಮೆರಿಕದ ಸೈನ್ಯಕ್ಕೆ ಬಂದದ್ದು 1873ರಲ್ಲಿ. ಹೆಸರಿನಲ್ಲೇ ಅಡುಗೆಯ ಅಳತೆಯಿದೆ: 0.45 ಅಂಗುಲ ದಪ್ಪದ ಗುಂಡು, 70 ಗ್ರೇನ್ ಕರಿಮದ್ದು. ಗುಂಡಿನ ತೂಕ ಆಗ 405 ಗ್ರೇನ್. ತೊಲಕ್ಕೆ 180 ಗ್ರೇನ್, ಅಂದರೆ ಎರಡೂಕಾಲು ತೊಲ! ಈ ಲೆಕ್ಕ ಹಾಕಿದವಳು ಅಕ್ಕ. ‘ಇಷ್ಟು ತೂಕದ ಸರ ನನಗೆ ಯಾವಾಗ?’ ಎಂದು ಕೇಳಿದಂದಿನಿಂದ ಭಾವ ಅವಳೆದುರು ತಕ್ಕಡಿ ತೆಗೆಯುವುದಿಲ್ಲ.

ಸೀಸ ಹೊಯ್ಯುವುದೂ ದೋಸೆ ಹೊಯ್ದಂತೆಯೇ, ಮೊದಲನೆಯದು ಸರಿಬರುವುದಿಲ್ಲ. ಅಚ್ಚು ಕಾಯದಿದ್ದರೆ ಗುಂಡಿನ ಮೈಯೆಲ್ಲ ಸುಕ್ಕು. ಕೆಟ್ಟ ದೋಸೆಯನ್ನು ಮನೆಯವರು ತಿಂದು ಮುಗಿಸುತ್ತಾರೆ. ಇದು ಮತ್ತೆ ಬಾಣಲೆಗೇ.

“ಗುಂಡಿನ ಮೂತಿ ಯಾಕೆ ಭಾವ ಚಪ್ಪಟೆ?” ಎಂದೆ.

ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟಾಗಳು ರೇಷನ್ ಅಂಗಡಿಯ ಸಾಲಿನಂತೆ ಒಂದರ ಬೆನ್ನಿಗೊಂದು ಒತ್ತಿ ನಿಂತಿರುತ್ತವಂತೆ. ಹಿಂದಿನದರ ಮೂತಿ ಚೂಪಾಗಿದ್ದರೆ, ಕೋವಿ ಒದ್ದಾಗ ಮುಂದಿನದರ ಬುಡದಲ್ಲಿ ಮದ್ದು ಹೊತ್ತಿಸುವ ಪ್ರೈಮರ್‌ಗೆ ಕುಟ್ಟಿ ಅದು ಒಳಗೇ ಸಿಡಿದೀತು. ಸಾಲಿನಲ್ಲಿ ಮೊಣಕೈ ಮಡಚಿ ನಿಲ್ಲುವ ಸಭ್ಯತೆ ಗುಂಡಿಗಾದರೂ ಇದೆ.

ಭಾನುವಾರ ನಾನೂ ಒಂದು ಹಾರಿಸಿದೆ. ಗುರಿಹಲಗೆಗೆ ಒಂದು ಗೀರೂ ಇಲ್ಲ. ನನ್ನ ಭುಜ ಮಾತ್ರ ನೇರಳೆಹಣ್ಣು. ಮನೆಗೆ ಬಂದರೆ, ಅಕ್ಕ ಅಮೃತಾಂಜನದ ಡಬ್ಬಿ ತೆರೆದುಕೊಂಡೇ ನಿಂತಿದ್ದಳು.