ಬಣ್ಣ ಅಮೆರಿಕದ್ದು, ಮೂಗು ನಮ್ಮದು

ನಮ್ಮ ಕಣ್ಣಿನಂಥ ಹುಸಿ ಪಂಡಿತ ಇನ್ನೊಬ್ಬನಿಲ್ಲ. ಮೂಗಿನ ಗೆರೆ ಚೂರು ಮಸುಕಾದರೆ ತಗಾದೆ ತೆಗೆಯುತ್ತದೆ. ಸೀರೆಯ ಬಣ್ಣ ಗಡಿ ದಾಟಿ ಪಕ್ಕದವರ ಮೇಲೆ ಚೆಲ್ಲಿದ್ದರೆ ಗೊತ್ತೇ ಆಗುವುದಿಲ್ಲ. ಈ ಗುಟ್ಟು ತಿಳಿದೇ ವಿಎಚ್‌ಎಸ್ ವಿಡಿಯೋ ಟೇಪು ಮಾಡಿದವರು ಬೆಳಕು-ನೆರಳಿಗೆ ಸುಮಾರು 240 ಗೆರೆಗಳ ವಿವರ ಕೊಟ್ಟು, ಬಣ್ಣಕ್ಕೆ 40ರ ಆಸುಪಾಸು ಕೊಟ್ಟು ಕೈ ತೊಳೆದುಕೊಂಡರು.

ಅಂದಮೇಲೆ ಒಂದು ಟೇಪಿನ ವಿವರಕ್ಕೆ ಇನ್ನೊಂದರ ಬಣ್ಣ ತೊಡಿಸಿದರೂ ಕಣ್ಣು ತೆಪ್ಪಗಿರುತ್ತದೆ. ಬಿಬಿಸಿಯ ಮಾನ ಉಳಿದದ್ದೂ ಹೀಗೆಯೇ. ‘ಡಾಕ್ಟರ್ ಹೂ’ ಸರಣಿಯ 1971ರ ‘ದಿ ಡೀಮನ್ಸ್’ ಕಥೆಯ ಐದು ಕಂತುಗಳಲ್ಲಿ ನಾಲ್ಕರ ಬಣ್ಣದ ಮೂಲ ಟೇಪುಗಳು ಉಳಿದಿರಲಿಲ್ಲ. ಇದ್ದದ್ದು ಕಪ್ಪು-ಬಿಳುಪು ಫಿಲ್ಮ್. ಬಣ್ಣ ಸಿಕ್ಕಿದ್ದು ಅಮೆರಿಕದಲ್ಲಿ, ಯಾರೋ ಪುಣ್ಯಾತ್ಮರು ಮನೆಯಲ್ಲಿ ಟೀವಿಯಿಂದ ಇಳಿಸಿಕೊಂಡಿದ್ದ ಟೇಪಿನಲ್ಲಿ! 1992ರಲ್ಲಿ ಎರಡಕ್ಕೂ ಗಂಟು ಹಾಕಿದರು.

ಲಂಡನ್ನಿನ ಹೌನ್ಸ್ಲೋದ ನಮ್ಮ ಅತ್ತೆಗೆ ಈ ಕಥೆ ಹೇಳಿದ್ದೇ ತಡ, ದಾವಣಗೆರೆಯಲ್ಲಿ ನಡೆದ ಅವರ ಮದುವೆಯ ಕ್ಯಾಸೆಟ್ ಅಟ್ಟದಿಂದ ಇಳಿಯಿತು. ಮುಖಗಳೆಲ್ಲ ಸ್ಪಷ್ಟ, ಬಣ್ಣ ಮಾತ್ರ ಗಂಜಿ ತಿಳಿ. ನ್ಯೂಜೆರ್ಸಿಯಲ್ಲಿರುವ ಅವರ ನಾದಿನಿಯ ಹತ್ತಿರವಿದ್ದ ಕಾಪಿ ತರಿಸಿದರೆ ಅಲ್ಲಿ ಬಣ್ಣ ಭರ್ಜರಿ, ಆದರೆ ಮದುಮಗ ಯಾರು, ಪುರೋಹಿತರು ಯಾರು ಎಂದು ಪಂಚೆ ನೋಡಿಯೇ ಹೇಳಬೇಕು.

ನಮ್ಮ ಟೇಪು ಪಾಲ್ ಪದ್ಧತಿಯದು, 625 ಗೆರೆ, ಸೆಕೆಂಡಿಗೆ 25 ಫ್ರೇಮು. ಅವರದು ಎನ್‌ಟಿಎಸ್‌ಸಿ, 525 ಗೆರೆ, ಹೆಚ್ಚುಕಡಿಮೆ 30 ಫ್ರೇಮು. ಕಂಪ್ಯೂಟರಿನಲ್ಲಿ ಮೊದಲು ವೇಗ ಸರಿಹೊಂದಿಸಿ, ಅಳತೆಗೆ ಹಿಗ್ಗಿಸಿ, ಅಮೆರಿಕದ್ದನ್ನು ಮೇಲಿನ ಲೇಯರಿನಲ್ಲಿಟ್ಟು ಬ್ಲೆಂಡ್ ಮೋಡ್ ‘ಕಲರ್’ ಎಂದು ಒತ್ತಿದರೆ, ಬೆಳಕು-ನೆರಳು ಕೆಳಗಿನದು, ಬಣ್ಣವಷ್ಟೇ ಮೇಲಿನದು. ಮೇಲಿನ ಲೇಯರು ಸ್ವಲ್ಪ ಜರುಗಿತೋ, ಮದುಮಗಳ ಹಣೆಯ ಕುಂಕುಮ ಹುಬ್ಬು ದಾಟಿ ಕಣ್ಣಿಗಿಳಿಯುತ್ತದೆ. ಹೀಥ್ರೂಗೆ ಇಳಿಯುವ ವಿಮಾನಗಳು ತಲೆಯ ಮೇಲೇ ಗುಡುಗುತ್ತಿರುವಾಗ ಧಾರೆಯ ದೃಶ್ಯವನ್ನು ಕೂದಲೆಳೆಯಷ್ಟು ಎಡಕ್ಕೆ, ಕೂದಲೆಳೆಯಷ್ಟು ಮೇಲಕ್ಕೆ ಸರಿಸುತ್ತ ಕೂತೆ.

ಮಾವನವರಿಗೆ ಬೇಕಾದದ್ದು ವಿವರ. “ಮುಯ್ಯಿ ಓದಿಸದೆ ಊಟ ಮಾಡಿ ಹೋದವನು ಇವನೇ ನೋಡು!” ಎಂದು ಇಷ್ಟು ವರ್ಷಗಳ ಮೇಲೆ ಕಳ್ಳನನ್ನು ಹಿಡಿದರು. ಅತ್ತೆಗೆ ಬೇಕಾದದ್ದು ಬಣ್ಣ. “ಹಸಿರಲ್ವೋ, ಎಂ.ಎಸ್. ಬ್ಲೂ! ಕಂಚಿ ಸೀರೆ ಅದು.”

ಕೊನೆಗೂ ನೀಲಿ ಬಂತು. ಅತ್ತೆ ಕಣ್ತುಂಬ ನೋಡಿದರು. ಪಕ್ಕದಲ್ಲೇ ಟೇಪು ಕಳಿಸಿದ ನಾದಿನಿ, ಕಡುಗೆಂಪು ಸೀರೆಯಲ್ಲಿ ಮದುಮಗಳನ್ನೇ ಮೀರಿಸಿ ಮಿಂಚುತ್ತಿದ್ದರು.

“ಬಣ್ಣ ಜಾಗ ನೋಡಿಕೊಂಡು ಹಾಕಬಹುದೇನೋ?”

“ಹಾಕಬಹುದು ಅತ್ತೆ.”

“ಹಾಗಾದ್ರೆ ಅವಳನ್ನ ಕಪ್ಪು-ಬಿಳುಪಲ್ಲೇ ಬಿಟ್ಟುಬಿಡು.”