ಹೊರನಾಡಿನಲ್ಲಿ ಆನೇಮಹಲ್ ಅಜ್ಜಿ

ಆನೇಮಹಲ್ ಅಜ್ಜಿ ಅಮೆರಿಕದಲ್ಲಿ ಹೆಚ್ಚಾಗಿ ಕಾಣಸಿಗುವುದು ಮಗಳ ಬಾಣಂತನದ ಕಾಲದಲ್ಲಿ. ಮೂಲ ನೆಲೆ ಸಕಲೇಶಪುರದ ಪಕ್ಕ, ಬೆಂಗಳೂರು–ಮಂಗಳೂರು ಹೆದ್ದಾರಿ ಶಿರಾಡಿ ಘಾಟಿಯತ್ತ ಸಾಗುವ ದಾರಿಯಲ್ಲಿ, ಕಾಫಿ, ಮೆಣಸು, ಏಲಕ್ಕಿ ತೋಟಗಳ ನಡುವೆ. ಟಿಪ್ಪು ಕಟ್ಟಿಸಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆ ಅಲ್ಲಿಗೆ ಹತ್ತಿರ. ಕೋಟೆ ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅಜ್ಜಿ ಅದನ್ನು ಹತ್ತುವುದು ಅಮೆರಿಕದ ಮೊಮ್ಮಕ್ಕಳು ಬಂದಾಗ ಮಾತ್ರ.

ಪ್ರವಾಸಿ ವೀಸಾದವರಿಗೆ ಅಮೆರಿಕದಲ್ಲಿ ಸಾಮಾನ್ಯವಾಗಿ 6 ತಿಂಗಳು ಇರಲು ಬಿಡುತ್ತಾರೆ. ಅಜ್ಜಿ ಇದನ್ನು ತೋಟದ ಲೆಕ್ಕಕ್ಕೆ ಹೊಂದಿಸಿಕೊಳ್ಳುತ್ತಾರೆ: ಮಾರ್ಚ್–ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಕಾಫಿ ಅರಳಿದ ಮೇಲೆ ಹೊರಟು, ನವೆಂಬರಿನ ಅರೇಬಿಕಾ ಕುಯ್ಲಿಗೆ ಮೊದಲು ವಾಪಸ್. ಹೆರಿಗೆ ಡಿಸೆಂಬರಿನಲ್ಲಿ ಬಿದ್ದರೆ, "ಕುಯ್ಲಿನ ಟೈಮಲ್ಲೇ ಆಗಬೇಕಿತ್ತೇನೇ?" ಎಂದು ಮಗಳನ್ನು ಗದರುತ್ತಲೇ ಪೆಟ್ಟಿಗೆ ತುಂಬುತ್ತಾರೆ.

ತಲಾ 23 ಕೆ.ಜಿ.ಯ ಎರಡು ಪೆಟ್ಟಿಗೆಗಳಲ್ಲಿ ಅಜ್ಜಿಯ ಸ್ವಂತದ್ದು ನಾಲ್ಕು ಸೀರೆ, ಒಂದು ಸ್ವೆಟರ್. ಮಿಕ್ಕಿದ್ದೆಲ್ಲ ಬಾಣಂತಿ ಲೇಹ್ಯ, ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಕಾಳುಮೆಣಸು, ಕಾಫಿಪುಡಿ. ಗಿಡ ಒಯ್ಯುವಂತಿಲ್ಲ ಎಂದರೆ, ದಾಸವಾಳದ ಕಡ್ಡಿ ಗಿಡ ಹೇಗಾಗುತ್ತದೆ ಎಂಬ ವಾದ ಶುರುವಾಗುತ್ತದೆ. ವಿಮಾನ ನಿಲ್ದಾಣದ ಗೇಟಿನವರೆಗೂ ವಾದವೂ ಕಡ್ಡಿಯೂ ಜೊತೆಗೇ ಬರುತ್ತವೆ.

ನ್ಯೂಜೆರ್ಸಿಯ ಮಗಳ ಮನೆಯ ಹಿತ್ತಲಲ್ಲಿ ಅಜ್ಜಿ ಮೊದಲ ವಾರವೇ ಹುಲ್ಲು ಕಿತ್ತು ಮೆಂತ್ಯ, ಹರಿವೆ ಬಿತ್ತುತ್ತಾರೆ. ಸೊಪ್ಪು ತಿನ್ನಲು ಜಿಂಕೆ ಬಂದಾಗ ಅಳಿಯ ಇಂಟರ್ನೆಟ್‌ನಲ್ಲಿ ಉಪಾಯ ಹುಡುಕುತ್ತಾನೆ, ಅಜ್ಜಿ ತಟ್ಟೆ ಬಡಿಯುತ್ತಾರೆ. ಊರಿನ ಕಡೆ, ಆಲೂರು–ಸಕಲೇಶಪುರ ಭಾಗದಲ್ಲಿ, 2014ರಲ್ಲಿ 22 ಕಾಡಾನೆಗಳನ್ನು ಹಿಡಿದು ಸಾಗಿಸಿದರೂ ಆನೆ ಕಾಟ ನಿಂತಿಲ್ಲ. ಬಾಳೆ, ಬೈನೆಯನ್ನು ಆನೆಗೆ ಒಪ್ಪಿಸಿ ಅಭ್ಯಾಸವಾದವರಿಗೆ ಜಿಂಕೆ ಲೆಕ್ಕಕ್ಕೇ ಇಲ್ಲ.

ಮನೆಗೆ ಬಂದವರು ಯಾರೇ ಇರಲಿ, ಅಜ್ಜಿಯ ಕಣ್ಣಿಗೆ ಬಡವಾಗಿರುತ್ತಾರೆ. ಹುಲ್ಲು ಕತ್ತರಿಸಲು ಬಂದ ಆರಡಿಯ ಆಳಿಗೂ ಎರಡು ಕಡುಬು ಕೊಟ್ಟೇ ಕಳಿಸುವುದು. ಅವನಿಗೆ ಕನ್ನಡ ಬಾರದು, ಅಜ್ಜಿಗೆ ಇಂಗ್ಲಿಷ್ ಬಾರದು. ಮುಂದಿನ ವಾರ ಅವನು ಕರೆಯದಿದ್ದರೂ ಹಿತ್ತಲ ಬಾಗಿಲಿಗೆ ಬಂದು ನಿಲ್ಲುತ್ತಾನೆ. "ಬೇಡ ಅಜ್ಜಿ, ಹೊಟ್ಟೆ ತುಂಬಿದೆ" ಎಂದ ಮೊಮ್ಮಗನ ತಟ್ಟೆಗೆ ಬೀಳುವುದು ಒಂದೇ ಕಡುಬು. ಬೇಡ ಅನ್ನದಿದ್ದರೆ ಮೂರು.

ಅಜ್ಜಿ ತೀರಿಕೊಂಡ ಮೇಲೆ ತಿಥಿ ಎರಡು ಕಡೆ ನಡೆಯುತ್ತದೆ. ಆನೇಮಹಲಿನಲ್ಲಿ ಪಂಚಾಂಗದ ಪ್ರಕಾರ, ನ್ಯೂಜೆರ್ಸಿಯಲ್ಲಿ ಹತ್ತಿರದ ಶನಿವಾರ. ಸತ್ತವರಿಗೆ ಪ್ರೀತಿಯಾದದ್ದನ್ನು ಎಡೆ ಇಡಬೇಕು. ವಿಡಿಯೋ ಕರೆಯಲ್ಲಿ ಚರ್ಚೆ ಏರುತ್ತದೆ: ಕಡುಬು ಮಗನಿಗೆ ಇಷ್ಟ, ಅಕ್ಕಿರೊಟ್ಟಿ ಮಗಳಿಗೆ, ಕಳಲೆ ಪಲ್ಯ ಅಳಿಯನಿಗೆ, ಪಾಯಸ ಮೊಮ್ಮಕ್ಕಳಿಗೆ. ಅಜ್ಜಿಗೆ ಏನು ಇಷ್ಟವಿತ್ತು ಎಂಬುದು ಎರಡೂ ಖಂಡಗಳಲ್ಲಿ ಒಬ್ಬರಿಗೂ ಗೊತ್ತಿಲ್ಲ. ಕೊನೆಯವರಾಗಿ, ಉಳಿದದ್ದನ್ನು ಉಂಡವರ ಇಷ್ಟವನ್ನು ಯಾರೂ ಬರೆದಿಟ್ಟಿರುವುದಿಲ್ಲ. ಕಡೆಗೆ ಎಲ್ಲವನ್ನೂ ಒಂದೊಂದು ಚೂರು ಬಡಿಸಿ, ಮೇಲೊಂದು ಲೋಟ ಕಾಫಿ ಇಟ್ಟು ಕೈಮುಗಿಯುತ್ತಾರೆ.

ಅಜ್ಜಿ ಇನ್ನೂ ಇರುವ ಮನೆಯವರು ಅವರಿಗೆ ಏನಿಷ್ಟ ಎಂಬುದೊಂದನ್ನು ಈಗಲೇ ಫೋನು ಮಾಡಿ ಕೇಳಿಟ್ಟುಕೊಳ್ಳುವುದು ಒಳ್ಳೆಯದು. "ನಂದೇನು ಬಿಡು, ನೀನು ಉಂಡ್ಯಾ?" ಎಂದು ಮಾತು ಹಾರಿಸಿದರೆ, ಮತ್ತೊಮ್ಮೆ ಕೇಳಬೇಕು.