ರಳ ಉರುಫ್ ಫಾ: ಒಂದು ಮಹಾಪ್ರಬಂಧದ ಸಂಕ್ಷೇಪ

ವಿಘ್ನೇಶ್ವರನಿಗೂ ಕರೆಂಟಿಗೂ ಕೈಮುಗಿದು, ನಮ್ಮೂರು ಕೊಡ್ಲಿಯಲ್ಲಿ ಕೂತು ಈ ಪ್ರಬಂಧವನ್ನು ಆರಂಭಿಸುತ್ತೇವೆ. ಒಬ್ಬರೇ ಬರೆದರೂ ಬಹುವಚನದಲ್ಲಿ ಬರೆಯುವುದು ಶಾಸ್ತ್ರಸಮ್ಮತ.

ಪ್ರಮೇಯ: ಹಳಗನ್ನಡದ ೞ. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಇದನ್ನು ರಳ ಎಂದು ಕರೆದು, ಮಿಕ್ಕ ಳಗಳೊಡನೆ ಕಲಸಿಹೋಗದಿರಲೆಂದು ರಳ ಬರುವ ಮಾತುಗಳ ಪಟ್ಟಿಯನ್ನೂ ಮಾಡಿಟ್ಟ. ಆದರೂ ಕಲಸಿಹೋಯಿತು. ಮೞೆ ಮಳೆಯಾಯಿತು, ಬಾೞೆ ಬಾಳೆಯಾಯಿತು, ಅಕ್ಷರ ಶಾಸನದ ಕಲ್ಲಿನಲ್ಲೇ ಉಳಿಯಿತು. ಯೂನಿಕೋಡಿನವರು ಅದನ್ನು ಎಬ್ಬಿಸಿ ಕಂಪ್ಯೂಟರಿಗೆ ತಂದರು. ನಂಬರು ಕೊಟ್ಟರು: 3294. ಹೆಸರೂ ಇಟ್ಟರು: ‘ಕನ್ನಡ ಲೆಟರ್ ಫಾ’.

ತಪ್ಪಾಗಿದೆ ಎಂದು ಅವರೇ ಪಟ್ಟಿಯಲ್ಲಿ ಷರಾ ಬರೆದಿದ್ದಾರೆ. ಆದರೆ ತಿದ್ದುವಂತಿಲ್ಲ. ಒಮ್ಮೆ ಇಟ್ಟ ಹೆಸರು ಆಚಂದ್ರಾರ್ಕ ಎಂಬುದು ಅವರ ನಿಯಮ. ಮೇಲಿಂದ ಕೆಳಕ್ಕೆ ಬರೆಯುವ ಲಿಪಿಗಳ ಒಂದು ಬ್ರಾಕೆಟ್ಟಿನ ಹೆಸರಿನಲ್ಲಿ ಸಿ ಮತ್ತು ಕೆ ಅದಲುಬದಲಾಗಿ, ಬ್ರಾಕೆಟ್ ಅನ್ನುವುದೇ ತಪ್ಪು ಕಾಗುಣಿತದಲ್ಲಿ ಅಜರಾಮರವಾಗಿದೆ. ರಾಷ್ಟ್ರಕೂಟರ ದಾನಶಾಸನದಲ್ಲೂ ಇಷ್ಟು ಬಿಗಿ ಕಾಣೆವು.

ಪೂರ್ವಪಕ್ಷ: ಹೆಸರು ತಪ್ಪಲ್ಲ, ಓದುವ ನಾವೇ ತಪ್ಪು. ಹಾಗಾದರೆ ಹಳಗನ್ನಡದ ಕೋೞಿಯನ್ನು ‘ಕೋಫಿ’ ಎಂದೇ ಓದಬೇಕಾಗುತ್ತದೆ. ನಮ್ಮ ಸೇಡಂ ಸೀಮೆಯಲ್ಲೇ, ಕಾಗಿಣಾ ದಂಡೆಯ ಮಳಖೇಡದಲ್ಲಿ, 9ನೆಯ ಶತಮಾನದ ಅಮೋಘವರ್ಷ ನೃಪತುಂಗನ ಅರಮನೆಯಲ್ಲಿ ಮುಂಜಾನೆ ಕೂಗುತ್ತಿದ್ದುದು ಕಾಫಿಯೇ. ಬಾಬಾ ಬುಡನ್ 17ನೆಯ ಶತಮಾನದಲ್ಲಿ ಬೀಜ ತಂದರೆಂಬ ಐತಿಹ್ಯ ಇದರಿಂದ ಮಲಗಿತು. ಚಿಕ್ಕಮಗಳೂರಿನವರು ಕ್ಷಮಿಸಬೇಕು. ಕಾಫಿಗೆ ಕಾಲು ಎಷ್ಟು, ಅದು ಕಾಳು ಹೆಕ್ಕುತ್ತಿತ್ತೇ ಎಂಬ ಆಕ್ಷೇಪಗಳನ್ನು ಅನುಬಂಧಕ್ಕೆ ಸಾಗಿಸಿದ್ದೇವೆ. ಅನುಬಂಧ ಇಲ್ಲ.

ಸಿದ್ಧಾಂತ: ನಿಜವಾಗಿ ‘ಫ಼’ ಬೇಕಾದವರು ಫಕಾರದ ಕೆಳಗೆ ಎರಡು ಚುಕ್ಕಿ ಇಡಬೇಕು, ಚುಕ್ಕಿಯ ನಂಬರು ಬೇರೆ, 3260. ಹೆಸರು ಒಬ್ಬರದು, ಉಚ್ಚಾರ ಇನ್ನೊಬ್ಬರದು. ಇನ್ನು ಆಸನದ ಪ್ರಶ್ನೆ. ತಮಿಳು, ಮಲಯಾಳಂ ಸಾಲುಗಳಲ್ಲಿ ಳಕಾರದ ಮಗ್ಗುಲಲ್ಲೇ ಈ ಅಕ್ಷರ ಕೂತಿದೆ; 2014ರಲ್ಲಿ ತೆಲುಗಿಗೂ ಅದೇ ಜಾಗ ಸಿಕ್ಕಿತು. ನಮ್ಮಲ್ಲಿ ಳ 3251, ವ 3253. ನಡುವಿನ 3252 ಟವೆಲ್ ಹಾಕಿದ ಬಸ್ ಸೀಟಿನಂತೆ ಇಂದಿಗೂ ಖಾಲಿ. ರಳ ಮಾತ್ರ ಹಕಾರವನ್ನೂ ಕಾಗುಣಿತದ ಚಿಹ್ನೆಗಳನ್ನೂ ದಾಟಿ ಹಿಂದೆಲ್ಲೋ ನಿಂತಿದೆ.

ವಾದವನ್ನು ಊರಿನ ಝೆರಾಕ್ಸ್ ಅಂಗಡಿಗೆ ಒಯ್ದೆವು. ಅಂಗಡಿಯ ಹುಡುಗ ರೇಷನ್ ಕಾರ್ಡು, ಆಧಾರ್, ಪಹಣಿಗಳ ಹೆಸರು ನೋಡಿ ನೋಡಿ ಮೀಮಾಂಸಕನಾದವನು.

‘ಅಫಿಡವಿಟ್ ಮಾಡಸ್ರಿ ಸರ್.’

‘ನಡೆಯೋದಿಲ್ಲಪ್ಪಾ, ಹೆಸರು ಮುಟ್ಟಂಗಿಲ್ಲಂತ.’

‘ಹಂಗಾದ್ರ ಉರುಫ್ ಹಾಕ್ರಿ. ನಮ್ಮ ಮುತ್ಯಾಂದೂ ಹಂಗೇ ಅದ.’

ಯೂನಿಕೋಡ್ ಮಹಾಸಭೆ ಮಾಡಿದ್ದೂ ಇದನ್ನೇ. ಮೂಲ ಹೆಸರನ್ನು ಮುಟ್ಟದೆ, ಮೂರು ಎಲ್ ಒಂದು ಎ ಜೋಡಿಸಿದ ಹೆಸರೊಂದನ್ನು ಅಧಿಕೃತ ಉರುಫ್ ಆಗಿ ಪಕ್ಕಕ್ಕೆ ಅಂಟಿಸಿದೆ. ‘ಉರುಫ್’ ಎಂಬ ಮಾತಿನ ಕೊನೆಯ ಫ್ ಅನ್ನು ಎರಡು ಚುಕ್ಕಿಯಿಟ್ಟು ಬರೆಯಬೇಕೋ, 3294ರಲ್ಲಿ ಬರೆಯಬೇಕೋ ಎಂಬುದು ನಮ್ಮ ಎರಡನೆಯ ಸಂಪುಟದ ವಿಷಯ. ಮುಂಗಡ ಹಣ ಕಳಿಸುವವರು ಕವರಿನ ಮೇಲೆ ತಮ್ಮ ಉರುಫನ್ನೂ ಬರೆಯತಕ್ಕದ್ದು.